ಎಂಟು ಮನೆ, ಎಂಟು ಸಹಿ: ಹಳೆ ಅಪಾರ್ಟ್‌ಮೆಂಟ್ ಕೆಡವಿ ಕಟ್ಟಿದ ನನ್ನ ಅನುಭವ

ತುಮಕೂರಿನ ಎಸ್.ಎಸ್. ಪುರಂನಲ್ಲಿ, ಬಿ.ಎಚ್. ರಸ್ತೆಗೆ ನಡೆದೇ ಹೋಗುವಷ್ಟು ಹತ್ತಿರ, 1989ರಲ್ಲಿ ಕಟ್ಟಿದ ಒಂದು ಅಪಾರ್ಟ್‌ಮೆಂಟ್ ಇತ್ತು. 70-100 ಅಡಿಯ ಸೈಟು, ಕೆಳಗೆ ನಾಲ್ಕು ಮನೆ, ಮೇಲೆ ನಾಲ್ಕು. ಅದನ್ನು ಕೆಡವಿ, ಕೆಳಗೆ ಪಾರ್ಕಿಂಗ್ ಬಿಟ್ಟು ನಾಲ್ಕು ಮಹಡಿಯಲ್ಲಿ ಹನ್ನೆರಡು ಲಗ್ಜುರಿ ಫ್ಲಾಟ್ ಕಟ್ಟಿಕೊಟ್ಟೆ. ಕಟ್ಟೋಕೆ ಎರಡು ವರ್ಷ ಚಿಲ್ಲರೆ ಹಿಡಿಯಿತು. ಅದಕ್ಕೂ ಮುಂಚೆ ಎಂಟು ಮನೆಯವರ ಸಹಿಗೆ ಹಿಡಿದದ್ದು ಹದಿನಾಲ್ಕು ತಿಂಗಳು. ಇಂಥ ಕೆಲಸಕ್ಕೆ ಕೈ ಹಾಕುವವರು ಈ ಹದಿನಾಲ್ಕು ತಿಂಗಳ ಲೆಕ್ಕವನ್ನೇ ಮೊದಲು ಹಾಕಿಕೊಳ್ಳಿ.

ನನ್ನನ್ನು ಕರೆದದ್ದು ರಿಪೇರಿಗೆ. ಮೆಟ್ಟಿಲ ಪಕ್ಕದ ಪಿಲ್ಲರ್‌ನಲ್ಲಿ ಉದ್ದಕ್ಕೂ ಒಂದು ಬಿರುಕು, ಅದರ ಮೇಲೆ ಮೂರ್ನಾಲ್ಕು ಸಲ ಸಿಮೆಂಟ್ ಮೆತ್ತಿ ಬಣ್ಣ ಹೊಡೆದಿದ್ದರು. ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿದೆ, ಅಂಗೈ ಅಗಲದ ಚೆಕ್ಕೆ ಕಳಚಿ ಬಿತ್ತು. ಒಳಗಿನ ಕಂಬಿ ಪದರ ಪದರವಾಗಿ ಎದ್ದಿತ್ತು, ಉಗುರಲ್ಲಿ ಕೆರೆದರೂ ಪುಡಿ ಉದುರುತ್ತಿತ್ತು. ಕಬ್ಬಿಣ ತುಕ್ಕು ಹಿಡಿದರೆ ಊದುತ್ತೆ, ಊದಿ ಮೇಲಿನ ಕಾಂಕ್ರೀಟನ್ನು ಒಡೆದು ತಳ್ಳುತ್ತೆ, ಒಡೆದ ಕಡೆ ಇನ್ನಷ್ಟು ನೀರು ಇಳಿಯುತ್ತೆ. ಪಿಲ್ಲರ್ ಕಂಬಿಗೆ 40 ಮಿ.ಮೀ. ಕವರ್, ಅಂದರೆ ಕಂಬಿಯನ್ನು ಮುಚ್ಚುವ ಕಾಂಕ್ರೀಟ್ ಪದರ ಇರಬೇಕು, ಅಲ್ಲಿ 15 ಕೂಡ ಇರಲಿಲ್ಲ. ಹಾಗಂತ ಒಂದು ಪಿಲ್ಲರ್ ನೋಡಿ ಕೆಡವಿಬಿಡಿ ಅನ್ನೋದು ತಪ್ಪು. ಕಾಂಕ್ರೀಟ್ ಎಷ್ಟು ಗಟ್ಟಿ ಅಂತ ಬಡಿದು ನೋಡುವ ರಿಬೌಂಡ್ ಹ್ಯಾಮರ್ ಟೆಸ್ಟ್ ಮಾಡಿಸಿ, ಕೋರ್ (ಕೊರೆದು ತೆಗೆದ ಕಾಂಕ್ರೀಟ್ ತುಂಡು) ತೆಗೆಸಿ ಲ್ಯಾಬಿಗೆ ಕಳಿಸಿದೆ. ಅರ್ಧಕ್ಕಿಂತ ಜಾಸ್ತಿ ಪಿಲ್ಲರ್‌ಗಳು ಸೋತಿದ್ದವು. ಆ ರಿಪೋರ್ಟ್ ಮುಂದಿಟ್ಟ ಮೇಲೇ ಹೊಸದಾಗಿ ಕಟ್ಟುವ ಮಾತು ಶುರುವಾದದ್ದು.

ಮಹಾರಾಷ್ಟ್ರದ ಹೌಸಿಂಗ್ ಸೊಸೈಟಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಒಪ್ಪಿದರೆ ಕೆಡವಿ ಕಟ್ಟೋಕೆ ಮುಂದುವರಿಯಬಹುದು. ನಮ್ಮಲ್ಲಿ 1972ರ ಅಪಾರ್ಟ್‌ಮೆಂಟ್ ಕಾಯ್ದೆಯ ಪ್ರಕಾರ ಆ ಆಸ್ತಿಯನ್ನು ಕಾಯ್ದೆಯಿಂದ ಹೊರಗೆ ತರೋಕೆ ಎಲ್ಲ ಮಾಲೀಕರೂ ಸಹಿ ಹಾಕಬೇಕು. ಎಂಟರಲ್ಲಿ ಏಳು ಅಂದರೆ ಸೊನ್ನೆ. ಒಬ್ಬರ ಮನೆ ಮೇಲೆ ಹಳೆ ಸಾಲ ತೀರಿದ್ದರೂ ಇಸಿಯಲ್ಲಿ (ಆಸ್ತಿ ಮೇಲಿನ ಸಾಲ ತೋರಿಸುವ ಋಣಭಾರ ಪತ್ರದಲ್ಲಿ) ಅಡಮಾನ ಹಾಗೇ ಕೂತಿತ್ತು. ಅದನ್ನು ತೆಗೆಸೋಕೇ ಐದು ತಿಂಗಳು ಬ್ಯಾಂಕಿಗೆ ಅಲೆದೆವು. ಇನ್ನೊಬ್ಬರು ತೀರಿಕೊಂಡು ವರ್ಷಗಳಾಗಿದ್ದವು, ಮಕ್ಕಳು ಖಾತೆಯನ್ನೇ ಬದಲಾಯಿಸಿಕೊಂಡಿರಲಿಲ್ಲ. ಇದನ್ನೆಲ್ಲ ನಾನು ಮೊದಲ ವಾರದಲ್ಲೇ ನೋಡಬೇಕಿತ್ತು. ನೋಡಲಿಲ್ಲ, ನನ್ನದೇ ತಪ್ಪು.

ಕೊನೆಗೆ ಉಳಿದದ್ದು ಕೆಳಗಿನ ಮನೆಯ ಅಜ್ಜಿ. ಮಗ ಒಪ್ಪಿದ್ದ, ಅಜ್ಜಿ ಮಾತ್ರ ಪ್ಲಾನ್ ಹಾಳೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ನನ್ನ ಒರಳು ಎಲ್ಲಿಡ್ತೀಯಾ, ಅದನ್ನ ತೋರಿಸು ಕಣಪ್ಪ" ಅಂದರು. ಅಲ್ಲೇ ಪೆನ್ಸಿಲ್ ತಗೊಂಡು ಯುಟಿಲಿಟಿಯನ್ನು ಎರಡಡಿ ಉದ್ದ ಮಾಡಿ, ಒರಳಿಗೊಂದು ಮೂಲೆ, ತೊಳೆದ ನೀರು ಹೋಗೋಕೆ ಒಂದು ಜಾಲರಿ ಗುರುತು ಮಾಡಿದೆ. ಅಷ್ಟು ದಿನ ನಾನು ಅವರ ಮಗನ ಹತ್ತಿರ ಮಾತ್ರ ಮಾತಾಡುತ್ತಿದ್ದೆ. ಮನೆ ಇದ್ದದ್ದು ಅಜ್ಜಿಯ ಹೆಸರಲ್ಲಿ!

ಹಂಚಿಕೆ ಹೀಗಿತ್ತು: ಎಂಟು ಫ್ಲಾಟ್ ಅವರಿಗೆ, ನಾಲ್ಕು ನನಗೆ. ಹಳೆ ಮನೆಯಷ್ಟು ಅಳತೆಗೆ ಅವರು ದುಡ್ಡು ಕೊಡಬೇಕಿಲ್ಲ, ಜಾಸ್ತಿಯಾದ ಚದರಡಿಗೆ ಮಾತ್ರ ಕೊಡಬೇಕು. ಇಲ್ಲದಿದ್ದರೆ ನಾಲ್ಕು ಫ್ಲಾಟ್ ಮಾರಿದ ದುಡ್ಡಲ್ಲಿ ಹನ್ನೆರಡು ಕಟ್ಟೋಕೆ ಆಗಲ್ಲ. ಈ ಲೆಕ್ಕವನ್ನು ಒಂದೇ ಹಾಳೆಯಲ್ಲಿ ಬರೆದು ಎಂಟೂ ಮನೆಗೆ ಅದರದೇ ಜೆರಾಕ್ಸ್ ಕೊಟ್ಟೆ. ಯಾರಿಗೆ ಏನು ಸಿಗುತ್ತೆ ಅಂತ ಎಲ್ಲರಿಗೂ ಗೊತ್ತಿದ್ದರೆ ಗುಸುಗುಸು ನಿಲ್ಲುತ್ತೆ. ಜಾಗ 500 ಚದರ ಮೀಟರ್ ದಾಟಿತ್ತು, ಫ್ಲಾಟುಗಳು ಎಂಟು ದಾಟಿದ್ದವು, ಹಾಗಾಗಿ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿ ಕಡ್ಡಾಯ. ಕೊಳ್ಳುವವರಿಂದ ಬಂದ ದುಡ್ಡಲ್ಲಿ ನೂರಕ್ಕೆ 70 ಬೇರೆ ಬ್ಯಾಂಕ್ ಖಾತೆಯಲ್ಲೇ ಇರಬೇಕು, ಅದನ್ನು ಜಾಗಕ್ಕೂ ಕಟ್ಟಡಕ್ಕೂ ಬಿಟ್ಟು ಬೇರೆದಕ್ಕೆ ಮುಟ್ಟೋ ಹಾಗಿಲ್ಲ. ಸಣ್ಣ ಬಿಲ್ಡರ್‌ಗೆ ಇದು ಬಿಗಿ ಅನಿಸುತ್ತೆ, ಆದರೆ ಕೆಲಸ ನಿಲ್ಲದೆ ನಡೆದದ್ದು ಇದರಿಂದಲೇ.

ಕೆಡವಿದ್ದು ಹನ್ನೆರಡು ದಿನ. ತೇಗದ ಬಾಗಿಲು, ಕಿಟಕಿ ಮೊದಲೇ ಬಿಚ್ಚಿಟ್ಟುಕೊಂಡೆವು. ಪಕ್ಕದ ಮನೆ ಗೋಡೆಗೆ ಮೂರೇ ಅಡಿ ಅಂತರ, ಆ ಬದಿಗೆ ಹಿಟಾಚಿ ಬಿಡಲೇ ಇಲ್ಲ, ಕೈಯಲ್ಲೇ ಒಡೆಸಿದ್ದು.

ಲಗ್ಜುರಿ ಅಂದರೆ ಇಟಾಲಿಯನ್ ಮಾರ್ಬಲ್ ಅಂತ ತಿಳಿದವರು ಜಾಸ್ತಿ. ನನ್ನ ಪ್ರಕಾರ ತುಮಕೂರಲ್ಲಿ ಅದು ನೀರಿನಿಂದ ಶುರುವಾಗಬೇಕು. ನಮಗೆ ಬರೋದು ಬುಗುಡನಹಳ್ಳಿ ಕೆರೆಯಲ್ಲಿ ತುಂಬಿಸಿಕೊಂಡ ಹೇಮಾವತಿ ನೀರು, ಅದೂ ನಲ್ಲಿಯಲ್ಲಿ ದಿನಾ ಬರಲ್ಲ. ಒಬ್ಬರಿಗೆ ದಿನಕ್ಕೆ 135 ಲೀಟರ್ ಲೆಕ್ಕ, ಮನೆಗೆ ನಾಲ್ಕು ಜನ, ಹನ್ನೆರಡು ಮನೆ: ದಿನಕ್ಕೆ ಸುಮಾರು ಆರೂವರೆ ಸಾವಿರ ಲೀಟರ್. ಐದು ದಿನಕ್ಕೆ ಆಗೋ ಹಾಗೆ 33 ಸಾವಿರ ಲೀಟರಿನ ಸಂಪು ಕಟ್ಟಿಸಿದೆ, ಮಳೆ ನೀರಿಗೆ ಬೇರೆ ತೊಟ್ಟಿ. ಬೆಂಗಳೂರಿನಿಂದ ವಾಪಸ್ ಬಂದು ನನ್ನ ಪಾಲಿನ ಫ್ಲಾಟ್ ಕೊಂಡ ಒಬ್ಬರು ಅಡುಗೆಮನೆಗಿಂತ ಮೊದಲು ಸಂಪಿನ ಮುಚ್ಚಳ ತೆಗೆಸಿ ನೋಡಿದರು.

ಹೇಳಿದ್ದಕ್ಕಿಂತ ನಾಲ್ಕು ತಿಂಗಳು ತಡವಾಯಿತು. ತಡವಾದರೆ ಎಂಟೂ ಮನೆಯ ಬಾಡಿಗೆ ನನ್ನದೇ ಅಂತ ಕರಾರಿನಲ್ಲಿ ಬರೆದಿದ್ದೆ, ಕಟ್ಟಿದೆ. ಈಗ ಅಶೋಕ ನಗರದಲ್ಲಿ ಆರು ಮನೆಯ ಒಂದು ಕಟ್ಟಡದ ಮಾತು ನಡೀತಿದೆ. ಈ ಸಲ ಇಸಿ, ಖಾತೆ ಮೊದಲೇ ನೋಡಿಯಾಗಿದೆ, ಹೆಸರಿದ್ದವರ ಹತ್ತಿರವೇ ಕೂತು ಮಾತಾಡಿದ್ದೇನೆ. ಐದು ಸಹಿ ಆಗಿವೆ. ಆರನೆಯವರು ಅಮಾವಾಸ್ಯೆ ಕಳೆಯಲಿ, ಆಮೇಲೆ ಬನ್ನಿ ಅಂದಿದ್ದಾರೆ.