ಸಂಪಾದಕರಿಗೆ ಕಳಿಸುವ ಮೊದಲು ಮಾತುಗಳನ್ನೆಲ್ಲ ಹೊರಗೆ ತೆಗೆದೆ

ನನ್ನ ಮೊದಲ ಕಾದಂಬರಿ ಸಂಪಾದಕರಿಂದ ವಾಪಸ್ ಬಂದಾಗ ಪುಟಕ್ಕೆ ಹತ್ತಾದರೂ ಕೆಂಪು ಗುರುತು ಇದ್ದವು. ಈ ಸಲದ ಕಾದಂಬರಿಯನ್ನು ಕಳಿಸುವ ಮೊದಲು ನಾನೇ ತಿದ್ದಿಕೊಂಡೆ, ಪುಟಕ್ಕೆ ಒಂದೋ ಎರಡೋ, ಎಷ್ಟೋ ಪುಟಗಳಲ್ಲಿ ಅದೂ ಇಲ್ಲ. "ಅದು ಸಂಪಾದಕರ ಕೆಲಸ ಮಾರಾಯ, ನಿಂಗ್ಯಾಕೆ?" ಅಂತ ನಕ್ಕಿದ್ದ ಗೆಳೆಯರು ದಯವಿಟ್ಟು ಪೂರ್ತಿ ಓದಿ.

ಹಳೆಯ ಅಧ್ಯಾಯಗಳು ನುಡಿ ತಂತ್ರಾಂಶದ ಆಸ್ಕಿ ಫೈಲಿನಲ್ಲಿದ್ದವು, ಅಂದರೆ ಅದರ ಫಾಂಟ್ ಇದ್ದರಷ್ಟೇ ಕನ್ನಡವಾಗಿ ಕಾಣುವ ಹಳೆಯ ಬಗೆ. ಎಲ್ಲ ಕಡೆ ಓದಲು ಬರುವ ಯೂನಿಕೋಡ್‌ಗೆ ಬದಲಿಸಿಬಿಟ್ಟರೆ ಮುಗೀತು ಅಂತಾರೆ. ಮುಗಿಯಲ್ಲ. ಮಧ್ಯೆ ಇಂಗ್ಲಿಷಿನಲ್ಲೇ ಟೈಪ್ ಮಾಡಿದ್ದ ಪದಗಳು ಅರ್ಥವಿಲ್ಲದ ಕನ್ನಡ ಅಕ್ಷರಗಳಾಗಿ ಬಂದವು. ‘ಡಾಕ್ಟರ್‌ಗೆ’ ಹೋಗಿ ‘ಡಾಕ್ಟರ್ಗೆ’ ಆಯಿತು. ಇವನ್ನು ಹುಡುಕಿ ಬದಲಿಸುವ ಪಟ್ಟಿ ಒಂದು ಮಾಡಿಕೊಂಡಿದ್ದೇನೆ, ಈಗ ಇನ್ನೂರು ಸಾಲು ದಾಟಿರಬೇಕು. ಪಟ್ಟಿ ಕೊಡಲ್ಲ, ಬೇಜಾರು ಮಾಡ್ಕೋಬೇಡಿ. ಉದ್ದದ ಪದ ಮೊದಲು ಬದಲಿಸಿ, ಗಿಡ್ಡದ್ದು ಆಮೇಲೆ, ಅಷ್ಟು ಹೇಳಬಲ್ಲೆ.

ಅದಕ್ಕೂ ಮುಂಚೆ ದುಡ್ಡು ಕೊಟ್ಟು ಒಬ್ಬರಿಂದ ಕರಡು ತಿದ್ದಿಸಿದ್ದೆ. ಸುಮಾರು 4,000 ರೂಪಾಯಿ. ಅವರು ಕಾಗುಣಿತ ಚೆನ್ನಾಗಿಯೇ ತಿದ್ದಿದರು, ಜೊತೆಗೆ ನನ್ನ ಧಾರವಾಡದ ಅಂಗಡಿಯವ "ಎಲ್ಲಿ ಹೊಂಟೀರಿ?" ಅಂದಿದ್ದನ್ನೆಲ್ಲ "ಎಲ್ಲಿಗೆ ಹೊರಟಿದ್ದೀರಿ?" ಮಾಡಿಟ್ಟರು! ಅದನ್ನು ಮತ್ತೆ ಹಿಂದಕ್ಕೆ ತರೋದರಲ್ಲಿ ಸಾಕುಸಾಕಾಯಿತು.

ಆ ಸಿಟ್ಟಿನಲ್ಲೇ ಈ ವಿಧಾನ ಹೊಳೆದದ್ದು. ಕತೆಯೊಳಗಿನ ಮಾತುಗಳನ್ನೆಲ್ಲ ಹೊರಗೆ ತೆಗೆದು ಒಂದೊಂದು ಪಾತ್ರಕ್ಕೆ ಒಂದೊಂದು ಫೈಲ್ ಮಾಡಿದೆ. ಉದ್ಧರಣ ಚಿಹ್ನೆ ಹಿಡಿದು ಹುಡುಕಿದರೆ ಮಾತುಗಳು ಸಿಗುತ್ತವೆ, ಯಾರ ಮಾತು ಅನ್ನೋದನ್ನು ಮಾತ್ರ ಕೈಯಲ್ಲೇ ಬೇರ್ಪಡಿಸಬೇಕು. ಬೇಸರದ ಕೆಲಸ, ತಿಂಗಳ ಮೇಲೆ ಹಿಡಿಯಿತು. ಆದರೆ ಅಂಗಡಿಯವನ ಫೈಲ್ ತೆರೆದ ಕೂಡಲೇ ಕಂಡಿತು ನೋಡಿ: ಒಂದು ಕಡೆ "ಮಾಡಾಕತ್ತೇನಿ", ಇನ್ನೊಂದು ಕಡೆ "ಮಾಡ್ಲಿಕ್ಕತ್ತೇನಿ". ಕತೆಯ ಓಟದಲ್ಲಿ ಎರಡೂ ಸರಿ ಅನ್ನಿಸುತ್ತವೆ, ಆ ಕಡೆಯ ಓದುಗರಿಗೆ ಅವು ಎರಡು ಬೇರೆ ಬೇರೆ ಮನೆಯ ಮಾತು. ಇನ್ನೊಂದು ಲಾಭವೂ ಆಯಿತು. ನಾಯಕನ ಅಣ್ಣ ಮತ್ತು ಭಾವ ಇಬ್ಬರ ಫೈಲನ್ನೂ ಅಕ್ಕಪಕ್ಕ ಇಟ್ಟರೆ ಯಾವುದು ಯಾರದ್ದು ಅಂತ ನನಗೇ ಗೊತ್ತಾಗಲಿಲ್ಲ. ಭಾವನನ್ನು ತೆಗೆದೇ ಹಾಕಿದೆ, ಹನ್ನೆರಡು ಪುಟ ಇಳಿಯಿತು. ಯಾರೂ ಅವನನ್ನು ಕೇಳಿಲ್ಲ.

ಸುಮ್ನೆ ಇನ್ನೊಂದು ಪ್ರಯೋಗ ಮಾಡಿದೆ. ಎಡ್ಜ್ ಬ್ರೌಸರಿನಲ್ಲಿ ಕನ್ನಡವನ್ನು ಗಟ್ಟಿಯಾಗಿ ಓದಿಸಬಹುದಲ್ವಾ, ಹಾಗೆ ಓದಿಸಿ ಅಡುಗೆ ಮಾಡುತ್ತಾ ಕೇಳಿದೆ. ಆಡುಮಾತು ಬಂದರೆ ಅದು ಎಡವುತ್ತದೆ, ಭಾವವಂತೂ ಕೇಳಲೇಬೇಡಿ. ಆದರೆ ಒಂದೇ ಪ್ಯಾರಾದಲ್ಲಿ ಮೂರು "ಆಮೇಲೆ" ಬಂದರೆ ಕಣ್ಣು ಬಿಟ್ಟುಬಿಡುತ್ತದೆ, ಕಿವಿ ಬಿಡಲ್ಲ. ವಿವರಣೆ ಜಾಸ್ತಿ ಇರುವ ಅಧ್ಯಾಯಗಳಿಗೆ ಇದು ಒಳ್ಳೆಯದು, ಮಾತೇ ಜಾಸ್ತಿ ಇದ್ದರೆ ದಂಡ.

ಕೊನೆಗೆ ಎ4 ಹಾಳೆಯ ಒಂದೇ ಬದಿಗೆ, 14 ಪಾಯಿಂಟ್‌ನಲ್ಲಿ, ತಿದ್ದುಪಡಿ ಬರೆಯಲು ಬಲಗಡೆ ಎರಡು ಇಂಚು ಜಾಗ ಬಿಟ್ಟು ಪ್ರಿಂಟ್ ತೆಗೆಸಿದೆ. ಜೆರಾಕ್ಸ್ ಅಂಗಡಿಯಲ್ಲಿ ಪುಟಕ್ಕೆ 2 ರೂಪಾಯಿಯಂತೆ 550ರ ಹತ್ತಿರ ಆಯಿತು. ಈ ದುಡ್ಡು ಉಳಿಸಲು ಹೋಗಬೇಡಿ, ತಿದ್ದೋದೆಲ್ಲ ಈ ಹಾಳೆಯಲ್ಲೇ ಮುಗಿಸಿ. ಪುಟ ಕಟ್ಟಿದ ಮೇಲೆ ಒಂದು ಪ್ಯಾರಾ ಸೇರಿಸಿದರೂ ಮುಂದಿನ ಪುಟಗಳೆಲ್ಲ ಸರಿಯುತ್ತವೆ, ಪುಟ ಕಟ್ಟುವ ಡಿಟಿಪಿಯವರು ಅದಕ್ಕೆ ಬೇರೆ ದುಡ್ಡು ಕೇಳುತ್ತಾರೆ. ಮತ್ತೆ, ಡಿಟಿಪಿಯವರಿಗೆ ವರ್ಡ್ ಫೈಲಿನ ಜೊತೆ ಪಿಡಿಎಫ್ ಕೂಡ ಕಳಿಸಿ. ಅವರ ಕಂಪ್ಯೂಟರಿನಲ್ಲಿ ನಿಮ್ಮ ಫಾಂಟ್ ಇರದಿದ್ದರೆ ಯಾವ ಒತ್ತಕ್ಷರ ಎಲ್ಲಿ ಬರಬೇಕಿತ್ತು ಅಂತ ಅದರಲ್ಲಿ ನೋಡಿಕೊಳ್ಳುತ್ತಾರೆ.