ಕಣ್ಣಿನ ಜಿಗಿತ ಲೆಕ್ಕ ಹಾಕುವುದು ಹೇಗೆ?

ಓದುವಾಗ ಕಣ್ಣು ಸಾಲಿನ ಮೇಲೆ ಒಂದೇ ಸಮನೆ ಜಾರುವುದಿಲ್ಲ, ನಿಲ್ಲುತ್ತದೆ, ಜಿಗಿಯುತ್ತದೆ. ಆ ಜಿಗಿತವೇ ಸ್ಯಾಕೇಡ್. ದಾವಣಗೆರೆಯ ಎಂಜಿನಿಯರಿಂಗ್ ವಿದ್ಯಾರ್ಥಿಗಳು ತಂದು ತೋರಿಸುವ ಪ್ರಾಜೆಕ್ಟ್‌ಗಳಲ್ಲಿ ಅದನ್ನು ಎಣಿಸುವಾಗಲೇ ಎಡವಟ್ಟಾಗಿರುತ್ತದೆ.

ಮೊದಲು ಕಿಟಕಿಯ ಪರದೆ ಎಳೆಯಿರಿ. ಕಣ್ಣು ಎಲ್ಲಿ ನೋಡುತ್ತಿದೆಯೆಂದು ದಾಖಲಿಸುವ ಐ ಟ್ರ್ಯಾಕರ್ ಯಂತ್ರ ಬಳಸುವುದು ಅವಕೆಂಪು ಬೆಳಕನ್ನು. ನಮ್ಮೂರಿನ ಮಾರ್ಚ್ ಮಧ್ಯಾಹ್ನದ ಬಿಸಿಲಿನಲ್ಲೂ ಅದು ಧಾರಾಳವಾಗಿದೆ. ಲ್ಯಾಪ್‌ಟಾಪ್ ಕ್ಯಾಮೆರಾದಲ್ಲೇ ಕೆಲಸ ಮುಗಿಸುತ್ತೇವೆನ್ನುವ ಅಗ್ಗದ ತಂತ್ರಾಂಶಗಳನ್ನು ನಂಬಬೇಡಿ. ಸೆಕೆಂಡಿಗೆ 30 ಚಿತ್ರವೆಂದರೆ ಎರಡು ಚಿತ್ರಗಳ ನಡುವೆ 33 ಮಿಲಿಸೆಕೆಂಡ್. ಓದಿನ ಜಿಗಿತ 20ರಿಂದ 40 ಮಿಲಿಸೆಕೆಂಡಿನಲ್ಲಿ ಮುಗಿದೇ ಹೋಗುತ್ತದೆ.

ಯಂತ್ರ ಕೊಟ್ಟ ಪಿಕ್ಸೆಲ್‌ಗಳನ್ನು ಡಿಗ್ರಿಗೆ, ಅಂದರೆ ಕಣ್ಣು ತಿರುಗಿದ ಕೋನಕ್ಕೆ ಬದಲಿಸಿ. ಕಣ್ಣಿನಿಂದ 57 ಸೆಂಟಿಮೀಟರ್ ದೂರದಲ್ಲಿ ಕಂಪ್ಯೂಟರ್ ಪರದೆಯ 1 ಸೆಂಟಿಮೀಟರ್ ಸುಮಾರು 1 ಡಿಗ್ರಿ. ರೆಪ್ಪೆ ಬಡಿದ ಜಾಗಗಳನ್ನು ಆಚೀಚೆ 100 ಮಿಲಿಸೆಕೆಂಡ್ ಸೇರಿಸಿ ಕಿತ್ತುಹಾಕಿ.

ಇನ್ನು ವೇಗ. ಇಲ್ಲಿ ಅವಸರ ಬೇಡ. ಸೆಕೆಂಡಿಗೆ 500 ಮಾದರಿ (ಕಣ್ಣಿನ ನೆಲೆಯ ಅಳತೆ) ಕೊಡುವ ಯಂತ್ರದಲ್ಲಿ ಎರಡು ಮಾದರಿಗಳ ಅಂತರ 2 ಮಿಲಿಸೆಕೆಂಡ್. ಕಣ್ಣು ಅಲುಗದಿದ್ದರೂ ಯಂತ್ರದ ಗದ್ದಲದಿಂದ, ಅಂದರೆ ಅಳತೆಯ ಏರುಪೇರಿನಿಂದ, ಅಂಕಿ 0.1 ಡಿಗ್ರಿ ಸರಿದರೆ, ಬರುವ ವೇಗ ಸೆಕೆಂಡಿಗೆ 50 ಡಿಗ್ರಿ! ಎಲ್ಲರೂ ಕಣ್ಣುಮುಚ್ಚಿ ಬಳಸುವ ‘ಸೆಕೆಂಡಿಗೆ 30 ಡಿಗ್ರಿ’ ಮಿತಿಗೆ ಅದೂ ಜಿಗಿತವೇ. ಆದ್ದರಿಂದ ಪಕ್ಕಪಕ್ಕದ ಎರಡನ್ನು ಕಳೆಯಬೇಡಿ. ಸಾಲಾಗಿ ಬರುವ ಐದು ಮಾದರಿಗಳನ್ನು ಒಟ್ಟಿಗೆ ತೆಗೆದುಕೊಂಡು ವೇಗ ತೆಗೆಯಿರಿ.

ಮಿತಿಯನ್ನೂ ಆಯಾ ವ್ಯಕ್ತಿಯ ದತ್ತಾಂಶದಿಂದಲೇ ಪಡೆಯಿರಿ. ಸಂಶೋಧಕರಾದ ಎಂಗ್‌ಬರ್ಟ್ ಮತ್ತು ಕ್ಲೀಗಲ್ 2003ರಲ್ಲಿ ಸೂಕ್ಷ್ಮ ಜಿಗಿತಗಳಿಗೆಂದು ಕೊಟ್ಟ ವಿಧಾನ ನನಗೆ ಮೆಚ್ಚು. ಅಡ್ಡ, ಲಂಬ ವೇಗಗಳನ್ನು ಬೇರೆಬೇರೆಯಾಗಿ ತೆಗೆದುಕೊಳ್ಳಿ. ವೇಗದ ವರ್ಗಗಳ ಮಧ್ಯಾಂಕದಿಂದ (ಮೀಡಿಯನ್) ವೇಗದ ಮಧ್ಯಾಂಕದ ವರ್ಗವನ್ನು ಕಳೆದು ವರ್ಗಮೂಲ ತೆಗೆದರೆ ಗದ್ದಲದ ಅಳತೆ ಸಿಗುತ್ತದೆ. ಅದರ ಆರು ಪಟ್ಟು ನಿಮ್ಮ ಮಿತಿ. ಎಕ್ಸೆಲ್‌ನಲ್ಲಿ ಸಿದ್ಧವಾಗಿದೆಯೆಂದು ಮಾನಕ ವಿಚಲನೆಯನ್ನು (ಸ್ಟ್ಯಾಂಡರ್ಡ್ ಡೀವಿಯೇಶನ್) ಬಳಸಿದಿರೋ, ದೊಡ್ಡ ಜಿಗಿತಗಳೇ ಮಿತಿಯನ್ನು ಮೇಲಕ್ಕೆತ್ತಿ ಸಣ್ಣವನ್ನು ಮರೆಮಾಡುತ್ತವೆ.

ಮಿತಿ ದಾಟಿಯೂ 10 ಮಿಲಿಸೆಕೆಂಡ್ ಬಾಳದ್ದನ್ನು ಬಿಡಿ. ಜಿಗಿತದ ಬಾಲಕ್ಕೆ ಅಂಟಿಕೊಂಡು ಬರುವ ಸಣ್ಣ ತೂಗಾಟವನ್ನು ಎರಡನೆಯ ಜಿಗಿತವೆಂದು ಎಣಿಸಬೇಡಿ.

ಕೊನೆಗೆ ಜಿಗಿತದ ಅಗಲ (ಕಣ್ಣು ಎಷ್ಟು ಡಿಗ್ರಿ ಸರಿಯಿತು ಎಂಬುದು) ಒಂದು ಅಕ್ಷದಲ್ಲಿ, ಗರಿಷ್ಠ ವೇಗ ಇನ್ನೊಂದರಲ್ಲಿ ಇಟ್ಟು ನಕ್ಷೆ ಬಿಡಿಸಿ. ಅಗಲ ಹೆಚ್ಚಿದಂತೆ ವೇಗವೂ ಏರಬೇಕು. ಅರ್ಧ ಡಿಗ್ರಿ ಸರಿದು ಸೆಕೆಂಡಿಗೆ 800 ಡಿಗ್ರಿ ವೇಗ ತೋರಿಸುವ ಚುಕ್ಕೆ ಕಂಡರೆ, ಕಿತ್ತುಹಾಕಲು ಮರೆತ ರೆಪ್ಪೆ ಬಡಿತವೇ ಎಂದು ಮೂಲ ಕಡತವನ್ನು ತೆರೆದು ನೋಡಿ.