ಜಿಪಿಎಸ್ ಕಿತ್ತ ಮೇಲೆಯೇ ಚೆಕ್

ಕಳೆದ ತಿಂಗಳು ಡ್ರೋನ್ ಕಂಪನಿಯೊಂದರಲ್ಲಿದ್ದ ನನ್ನ ಷೇರುಗಳಲ್ಲಿ ಅರ್ಧವನ್ನು ಮುಂದಿನ ಸುತ್ತಿನ ಹೂಡಿಕೆದಾರರಿಗೆ ಮಾರಿದೆ. ಆ ಅರ್ಧಕ್ಕೆ ಹಾಕಿದ್ದರ ಹೆಚ್ಚುಕಡಿಮೆ ಒಂಬತ್ತು ಪಟ್ಟು ಕೈಗೆ ಬಂತು. ಸೇನೆಗೆ ಡ್ರೋನ್ ಮಾಡುವ ಕಂಪನಿಗೆ ದುಡ್ಡು ಹಾಕುತ್ತೇನೆ ಎಂದಾಗ ನಮ್ಮ ಹೂಡಿಕೆದಾರರ ಗುಂಪಿನಲ್ಲಿ ಜೊತೆಗೆ ನಿಂತವರು ಇಬ್ಬರೇ. ನನ್ನ ಲೆಕ್ಕಪರಿಶೋಧಕರಂತೂ, ‘ಸರ್ಕಾರವೊಂದೇ ಗಿರಾಕಿ. ಬಿಲ್ಲು ಪಾಸಾಗುವ ಹೊತ್ತಿಗೆ ಬಡ್ಡಿಯೇ ಅಸಲನ್ನು ತಿಂದಿರುತ್ತದೆ. ಬೇಡ ಸರ್’ ಎಂದಿದ್ದರು. ಅವರ ಮಾತು ಸುಳ್ಳಲ್ಲ. ಅದಕ್ಕೆ ಮದ್ದು ಹುಡುಕುವಷ್ಟರಲ್ಲಿ ನನ್ನ ಎರಡು ಕಂಪನಿಗಳು ಮುಳುಗಿದ್ದವು.

ಮುಳುಗಿದ್ದನ್ನು ಮೊದಲು ಹೇಳುತ್ತೇನೆ. ಪೀಣ್ಯದಲ್ಲಿ ಅಚ್ಚು, ಉಪಕರಣ ಮಾಡುತ್ತಿದ್ದ ನನ್ನ ಟೂಲ್‌ರೂಮ್ ಮಾರಿದ ದುಡ್ಡು ಕೈಯಲ್ಲಿತ್ತು. 2018ರ ಏಪ್ರಿಲ್‌ನಲ್ಲಿ ಚೆನ್ನೈನ ರಕ್ಷಣಾ ಸಾಮಗ್ರಿ ಪ್ರದರ್ಶನ ಡಿಫ್‌ಎಕ್ಸ್‌ಪೋದಲ್ಲಿ ರಕ್ಷಣಾ ಕ್ಷೇತ್ರದ ಹೊಸ ಕಂಪನಿಗಳಿಗೆ ಅನುದಾನ ಕೊಡುವ ಐಡೆಕ್ಸ್ ಯೋಜನೆ ಘೋಷಣೆಯಾಗಿ, ಇನ್ನು ಸಣ್ಣವರಿಗೂ ಬಾಗಿಲು ತೆರೆಯಿತು ಎಂದು ನಂಬಿದೆ. ಮೊದಲ ಕಂಪನಿಗೆ ಸುಮಾರು ಮೂವತ್ತು ಲಕ್ಷ ಕೊಟ್ಟದ್ದು ಹಾರಾಟದ ವಿಡಿಯೊ ನೋಡಿ. ಏಳೆಂಟು ತಿಂಗಳ ಮೇಲೆ ಯಂತ್ರ ಬಿಚ್ಚಿಸಿದರೆ ಒಳಗಿದ್ದದ್ದು ಹೊರದೇಶದ ಬೋರ್ಡು, ಅದರ ಮೇಲಿನ ಹೆಸರನ್ನು ಉಜ್ಜಿ ತೆಗೆದಿದ್ದರು. ಎರಡನೆಯದು ಪ್ರಾಮಾಣಿಕರ ಕಂಪನಿ. ಅದು ಹೋದದ್ದು ಇಂದಿಗೂ ಹೊಟ್ಟೆಯಲ್ಲಿ ಸಂಕಟ ತರುತ್ತದೆ. ಅವರು ಐಡೆಕ್ಸ್ ಸವಾಲನ್ನು ಗೆದ್ದಿದ್ದರು. ಒಂದೂವರೆ ಕೋಟಿವರೆಗಿನ ಆ ಅನುದಾನ ಕಂತಿನಲ್ಲಿ ಬರುತ್ತದೆ, ಕಂಪನಿಯೂ ತನ್ನ ಪಾಲನ್ನು ಹಾಕುತ್ತ ಹೋಗಬೇಕು. ಹಾಕಲು ಅವರಲ್ಲಿ ದುಡ್ಡಿರಲಿಲ್ಲ. ಮೊದಲ ದಿನವೇ ನಲವತ್ತು ಲಕ್ಷ ಒಟ್ಟಿಗೆ ಕೊಟ್ಟಿದ್ದ ನನ್ನಲ್ಲೂ ಇರಲಿಲ್ಲ.

ಮೂರನೆಯ ಸಲ, 2020ರ ಕೊನೆಯಲ್ಲಿ, ಈಗ ಷೇರು ಮಾರಿದ ಈ ಕಂಪನಿಗೆ ದುಡ್ಡು ಹಾಕುವಾಗ ಲೆಕ್ಕವನ್ನೇ ಬದಲಿಸಿದೆ. ಒಟ್ಟು ಎರಡು ಕೋಟಿ ಎತ್ತಿಟ್ಟು, ಅದರಲ್ಲಿ ಮೂರನೇ ಒಂದು ಪಾಲನ್ನು ಆರ್ಡರ್ ಬರುವವರೆಗೆ ಮುಟ್ಟುವುದಿಲ್ಲ ಎಂದು ಬರೆದುಕೊಂಡೆ. ಉಳಿದದ್ದಕ್ಕೆ ನಾಲ್ಕು ಕಂತು. ಪ್ರತಿ ಕಂತಿಗೂ ಮುಂಚೆ ಬಯಲಿನಲ್ಲಿ ನನ್ನ ಕಣ್ಣೆದುರು ಜಿಪಿಎಸ್ ಆಂಟೆನಾ ಕಿತ್ತು ಹಾರಿಸಬೇಕು. ಗಡಿಯಲ್ಲಿ ಮೊದಲು ಸಾಯುವುದೇ ಆ ಸಂಕೇತ. ಅದಿಲ್ಲದೆ ದಾರಿ ಹುಡುಕದ ಯಂತ್ರವನ್ನು ಸ್ವಯಂಚಾಲಿತ ಎಂದು ಕರೆಯಲು ನಾನು ಒಪ್ಪುವುದಿಲ್ಲ.

ಬೆಂಗಳೂರಿನ ಸುತ್ತ ಅನುಮತಿಯ ತೊಡಕು ಹೆಚ್ಚೆಂದು ಚಿತ್ರದುರ್ಗದ ಕಡೆ ಹೋದೆವು. 2021ರ ಡ್ರೋನ್ ನಿಯಮಗಳು ಬಂದ ಮೇಲೆ ಹಾರಾಟಕ್ಕೆ ಮುಕ್ತವೆಂದು ಗುರುತಿಸಿದ ಹಸಿರು ವಲಯದಲ್ಲಿ 400 ಅಡಿವರೆಗೆ ಹಾರಿಸಲು ಅನುಮತಿಗೆ ಅಲೆಯುವುದು ತಪ್ಪಿತು. ಒಂದು ನೋಟ್‌ಪುಸ್ತಕಕ್ಕೆ ‘ಬಿದ್ದ ರಿಜಿಸ್ಟರ್’ ಎಂದು ಹೆಸರಿಟ್ಟೆ: ಯಾವಾಗ ಬಿತ್ತು, ಏಕೆ ಬಿತ್ತು, ಎಷ್ಟು ದಿನದಲ್ಲಿ ಸರಿಯಾಯಿತು. ಬಿದ್ದರೆ ಬೈಯುತ್ತಿರಲಿಲ್ಲ. ಅದೇ ಕಾರಣಕ್ಕೆ ಎರಡನೇ ಸಲ ಬಿದ್ದರೆ ಮಾತ್ರ ಕಂತು ನಿಲ್ಲುತ್ತಿತ್ತು. ಮೊದಲ ವರ್ಷ ಹನ್ನೊಂದೋ ಹನ್ನೆರಡೋ ಬಿದ್ದವು. ಗಾಳಿಗೆ ಹುಲ್ಲು ಓಲಾಡಿದರೆ ಕೆಳಗೆ ನೋಡುವ ಕ್ಯಾಮೆರಾ ತಾನೇ ಸರಿಯುತ್ತಿದ್ದೇನೆಂದು ಭ್ರಮಿಸಿ ಎದುರು ದಿಕ್ಕಿಗೆ ವಾಲುತ್ತಿತ್ತು. ಕೆರೆಯ ನೀರಿನ ಮೇಲೆ ಇನ್ನೂ ಕಷ್ಟ, ಹಿಡಿದುಕೊಳ್ಳಲು ಒಂದು ಗುರುತೂ ಸಿಗುವುದಿಲ್ಲ. ಒಂದೊಂದು ಬೀಳುವಿಕೆಗೆ ನಲವತ್ತು ಸಾವಿರದಿಂದ ಮೂರು ಲಕ್ಷದವರೆಗೆ ಹೋಯಿತು. ಈ ರಿಜಿಸ್ಟರನ್ನು ಸಂಜೆ ಯಾರ ಎದುರು ಓದಿಸುತ್ತಿದ್ದೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಕಂಪನಿಯ ಹುಡುಗರ ಗುಣ ನನಗೆ ತಿಳಿದದ್ದು ಅಲ್ಲಿಯೇ.

ನಡುವೆ ಒಂದು ಅಡ್ಡದಾರಿಯೂ ಆಯಿತು. ಸೇನೆಯ ಆರ್ಡರ್ ಬರುವವರೆಗೆ ಖರ್ಚು ಹೊರಡಲೆಂದು ಶಿರಸಿಯ ಅಡಿಕೆ ತೋಟದಲ್ಲಿ ಕೊಳೆರೋಗಕ್ಕೆ ಸುಣ್ಣ, ಮೈಲುತುತ್ತದ ಬೋರ್ಡೋ ದ್ರಾವಣ ಹೊಡೆಯುವ ಡ್ರೋನ್ ಮಾಡಿಸಿದೆ. ಸುಣ್ಣ ನಳಿಕೆಯಲ್ಲಿ ಕಟ್ಟಿಕೊಂಡಿತು, ಸೋಗೆಯ ಮೇಲೆ ಬಿದ್ದ ಹನಿ ಕೆಳಗಿನ ಗೊನೆಗೆ ಇಳಿಯಲಿಲ್ಲ. ಆರು ಲಕ್ಷ ಕರಗಿತು. ಆದರೆ ಮರಗಳ ನಡುವೆ ತಪ್ಪಿಸಿಕೊಂಡು ಹಾರಲು ಅಲ್ಲಿ ಬರೆದ ಪ್ರೋಗ್ರಾಂ ಇಂದಿಗೂ ಸೇನೆಯ ಡ್ರೋನಿನಲ್ಲಿ ಓಡುತ್ತಿದೆ.

ಗುಂಪಿನಲ್ಲಿ ದೊಡ್ಡ ಜಗಳವಾದದ್ದು ಬಿಡಿಭಾಗಗಳ ವಿಷಯಕ್ಕೆ. 2022ರ ಫೆಬ್ರುವರಿಯಲ್ಲಿ ವಿದೇಶಿ ಡ್ರೋನ್ ಆಮದು ನಿಂತಾಗಲೂ ಬಿಡಿಭಾಗಗಳಿಗೆ ತಡೆ ಇರಲಿಲ್ಲ. ಅಷ್ಟರಲ್ಲೇ ನಾನು ಮೋಟಾರಿನಿಂದ ರೇಡಿಯೊವರೆಗೆ ಚೀನಾದ್ದು ಒಂದೂ ಇರಕೂಡದೆಂದು ಹಟ ಹಿಡಿದಿದ್ದೆ. ಕೊಯಮತ್ತೂರಿನಲ್ಲಿ ಸುತ್ತಿಸಿದ ಮೋಟಾರಿನ ಬೆಲೆ ಎರಡು ಪಟ್ಟು, ತೂಕವೂ ತುಸು ಹೆಚ್ಚು. ‘ಅತಿ ಕಡಿಮೆ ದರ ಹೇಳಿದವನಿಗೇ ಟೆಂಡರ್ ಹೋಗುವಾಗ ಇದೇನು ಮಾಡುತ್ತಿದ್ದೀರಿ?’ ಎಂದು ಜೊತೆಯವರು ರೇಗಿದರು. 2025ರ ಫೆಬ್ರುವರಿಯಲ್ಲಿ ಚೀನಾ ಬಿಡಿಭಾಗಗಳ ಕಾರಣಕ್ಕೆ 400 ಡ್ರೋನುಗಳ ಗುತ್ತಿಗೆಗಳು ರದ್ದಾದ ಸುದ್ದಿ ಬಂದಾಗ ಅದೇ ಜೊತೆಯವರು ಫೋನ್ ಮಾಡಿದರು. ನಮ್ಮ ಭಾಗಗಳ ಪಟ್ಟಿಯನ್ನು ಅಷ್ಟು ಹೊತ್ತಿಗೆ ಮೂರು ಸಲ ತಪಾಸಣೆ ಮಾಡಿ ಆಗಿತ್ತು.

ಲೇಹ್‌ನ ಸೇನಾ ಪರೀಕ್ಷೆಗೆ ಇಪ್ಪತ್ತು ಲಕ್ಷದ ಮೇಲೆ ಹೋಯಿತು. ಖರ್ಚೆಲ್ಲ ನಮ್ಮದೇ, ಕೊಳ್ಳುವ ಭರವಸೆಯೂ ಇಲ್ಲ. ಸೇನೆಯ ಪರೀಕ್ಷೆಗಳ ಕ್ರಮವೇ ಹಾಗೆ. ಆ ದುಡ್ಡನ್ನು ನಾನೊಬ್ಬನೇ ಸಿಸಿಡಿ, ಅಂದರೆ ಮುಂದೆ ಷೇರಾಗಿ ಬದಲಾಗಲೇಬೇಕಾದ ಸಾಲಪತ್ರದ ರೂಪದಲ್ಲಿ ಕೊಟ್ಟೆ. ಹದಿನೈದು ಸಾವಿರ ಅಡಿಯ ಮೇಲೆ ತೆಳುಗಾಳಿಗೆ ರೆಕ್ಕೆ ಸಾಲದೆ ಮೋಟಾರು ಬಿಸಿಯಾಗುತ್ತದೆ, ಚಳಿಗೆ ಬ್ಯಾಟರಿ ಅರ್ಧದಲ್ಲೇ ಕೈಕೊಡುತ್ತದೆ. ಮೊದಲ ಸಲ ಸೋತು ಬಂದೆವು. ಬ್ಯಾಟರಿಯನ್ನು ಬೆಚ್ಚಗಿಡಲು ಹುಡುಗರು ಕಂಡುಕೊಂಡ ಉಪಾಯ ಕಂಪನಿಯ ಆಸ್ತಿ, ಅದನ್ನು ಬಿಡಿಸಿ ಹೇಳಲಾರೆ. ಎರಡನೇ ಸಲ ಗೆದ್ದ ಸಂಜೆ ಸುಬೇದಾರರೊಬ್ಬರು ನಮ್ಮ ಹುಡುಗರಿಗೆ, ‘ಆ ಗುಡ್ಡದ ಏಣಿನಾಚೆ ಏನಿದೆಯೆಂದು ನೋಡಲು ಇಷ್ಟು ದಿನ ಇಬ್ಬರು ಜವಾನರನ್ನು ಹತ್ತಿಸುತ್ತಿದ್ದೆ’ ಎಂದರಂತೆ. ಫೋನಿನಲ್ಲಿ ಅದನ್ನು ಕೇಳಿ ನನಗೆ ಸ್ವಲ್ಪ ಹೊತ್ತು ಮಾತು ಹೊರಡಲಿಲ್ಲ.

ಆರ್ಡರ್ ಬಂದದ್ದು 2023ರಲ್ಲಿ, ಹದಿನೆಂಟು ಕೋಟಿಯ ಆಸುಪಾಸು. ಅದೇ ವರ್ಷದ ಜುಲೈನಲ್ಲಿ ಡ್ರೋನ್ ಕಂಪನಿ ಐಡಿಯಾಫೋರ್ಜ್‌ನ 672 ರೂಪಾಯಿಯ ಷೇರು ಮಾರುಕಟ್ಟೆಯಲ್ಲಿ 1,300ರ ಹತ್ತಿರ ಪಟ್ಟಿಯಾಗಿ, ಡ್ರೋನ್ ಎಂದರೆ ಸಾಕು ಎಲ್ಲರೂ ಓಡಿ ಬರತೊಡಗಿದರು. ನಮಗೆ ಮಾತ್ರ ಆಗ ಕುತ್ತಿಗೆಗೆ ಬಂದಿತ್ತು. ಸರ್ಕಾರಕ್ಕೆ ಕೊಡಬೇಕಾದ ಗ್ಯಾರಂಟಿಗೆ ಬ್ಯಾಂಕಿನವರು ಪೂರ್ತಿ ಠೇವಣಿ ಕೇಳಿದರು, ಭಾಗಗಳಿಗೆ ಮುಂಗಡ, ಸಂಬಳ. ಮಾಲು ಕೊಟ್ಟು ಹಣ ಬರುವವರೆಗೆ ಎಂಟು ತಿಂಗಳು. ಮುಟ್ಟದೆ ಇಟ್ಟಿದ್ದ ಆ ಮೂರನೇ ಒಂದು ಪಾಲು ಬೀಜವಾಯಿತು, ಅದನ್ನು ತೋರಿಸಿ ಉಳಿದದ್ದನ್ನು ಸಾಲ ಎತ್ತಿದೆವು. ಬ್ಯಾಂಕಿನವರನ್ನು ಒಪ್ಪಿಸಿದ ಬಗೆಗೆ ಇನ್ನೊಂದು ಲೇಖನವೇ ಬೇಕು.

ಬಂದ ದುಡ್ಡಿನಲ್ಲಿ ಸ್ವಲ್ಪವನ್ನು ಹೊಸ ಕಂಪನಿಯೊಂದಕ್ಕೆ ತೆಗೆದಿಟ್ಟಿದ್ದೇನೆ. ಅವರದ್ದು ಹಿಂಡಾಗಿ ಹಾರುವ ಡ್ರೋನ್. ಎರಡನೇ ರಿಜಿಸ್ಟರ್ ತೆರೆದಿದ್ದೇನೆ. ಇದುವರೆಗೆ ಒಂಬತ್ತು ಸಲ ಬಿದ್ದಿದೆ, ಒಂಬತ್ತಕ್ಕೂ ಕಾರಣ ಬೇರೆ ಬೇರೆ. ಅವರ ಎರಡನೇ ಚೆಕ್ಕಿಗೆ ಸಹಿ ಹಾಕಿ ಮೇಜಿನ ಮೇಲೆ ಇಟ್ಟಿದ್ದೇನೆ.